ವಿಳಾಸ ಚೀಟಿಯ ಪಾಠ: ಮೊದಲು ಕಾಲಂ, ಆಮೇಲೆ ಕ್ಲಿಕ್

ಅಭ್ಯಾಸ ಬೋಧನೆಯ ಪಾಠ ವೀಕ್ಷಣೆಗೆಂದು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹೋದಾಗ ನನಗೆ ಪದೇ ಪದೇ ಎದುರಾಗುವ ಪಾಠವೊಂದಿದೆ. ಅದು ವರ್ಡ್ ಪ್ರೊಸೆಸರ್‌ನಲ್ಲಿ ವಿಳಾಸದ ಲೇಬಲ್‌ಗಳನ್ನು ಸಿದ್ಧಪಡಿಸಿ ಮುದ್ರಿಸುವ ಪಾಠ. ಒಂದು ಅವಧಿಯಲ್ಲಿ ಮುಗಿಯುತ್ತದೆ, ಹಂತಗಳು ಸ್ಪಷ್ಟವಾಗಿವೆ, ಕೊನೆಯಲ್ಲಿ ಕೈಗೆ ಒಂದು ಹಾಳೆ ಸಿಗುತ್ತದೆ. ಹೀಗಾಗಿ ಪ್ರಶಿಕ್ಷಣಾರ್ಥಿಗಳು ಇದನ್ನು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಆಯ್ಕೆ ಒಳ್ಳೆಯದೇ. ಆದರೆ ನಾವು ಈ ಪಾಠವನ್ನು ಕಲಿಸುತ್ತಿರುವ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಕ್ಲಿಕ್ ಮಾಡಬೇಕೆಂಬುದರಿಂದ ಪಾಠ ಶುರುವಾಗುತ್ತದೆ. ವಿಳಾಸ ಎಂದರೇನು, ಅದರಲ್ಲಿ ಎಷ್ಟು ಭಾಗಗಳಿವೆ, ಯಾವ ಭಾಗ ಯಾರಿಗೆ ಬೇಕು ಎಂಬ ಪ್ರಶ್ನೆಗಳು ಕೊನೆಯವರೆಗೂ ಬರುವುದೇ ಇಲ್ಲ. ಮೊದಲು ಕನ್ನಡದ ವಿಳಾಸವನ್ನು ಬಿಡಿಸಿ ಕಾಲಂ ಮಾಡಿಸಬೇಕು, ಆಮೇಲೆ ಗಣಕಯಂತ್ರದ ಮುಂದೆ ಕೂರಿಸಬೇಕು ಎಂಬುದನ್ನು ಈ ಬರಹದಲ್ಲಿ ವಾದಿಸುತ್ತೇನೆ.

ಈಗ ಪಾಠ ನಡೆಯುತ್ತಿರುವ ಬಗೆ

ಸಾಮಾನ್ಯವಾಗಿ ಪಾಠಯೋಜನೆಯಲ್ಲಿ ಹೀಗಿರುತ್ತದೆ: ಮೇಲಿಂಗ್ಸ್ ಟ್ಯಾಬ್, ಸ್ಟಾರ್ಟ್ ಮೇಲ್ ಮರ್ಜ್, ಲೇಬಲ್ಸ್, ಸೆಲೆಕ್ಟ್ ರೆಸಿಪಿಯೆಂಟ್ಸ್, ಅಡ್ರೆಸ್ ಬ್ಲಾಕ್, ಅಪ್‌ಡೇಟ್ ಲೇಬಲ್ಸ್, ಫಿನಿಶ್ ಆ್ಯಂಡ್ ಮರ್ಜ್. ಪ್ರಶಿಕ್ಷಣಾರ್ಥಿ ಪ್ರೊಜೆಕ್ಟರ್ ಮೇಲೆ ಒಂದೊಂದಾಗಿ ತೋರಿಸುತ್ತಾರೆ, ಮಕ್ಕಳು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಉದಾಹರಣೆಗೆ ಬಳಸುವ ವಿಳಾಸ ಇಂಗ್ಲಿಷಿನದು. ‘ಮೇನ್ ಸ್ಟ್ರೀಟ್’, ‘ಸಿಟಿ’, ‘ಜಿಪ್’ ಎಂಬ ಹೆಸರುಗಳ ಕಾಲಂಗಳು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇಂಥ ಒಂದು ಪಾಠದಲ್ಲಿ ಎದ್ದು ನಿಂತು, “ಮೇಡಂ, ನಮ್ಮೂರಿಗೆ ಸ್ಟ್ರೀಟ್ ಇಲ್ಲ, ಅಂಚೆ ಬೇರೆ ಊರಿನದು, ಎಲ್ಲಿ ಹಾಕೋದು?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ “ಅದನ್ನೆಲ್ಲ ಸಿಟಿ ಕಾಲಂನಲ್ಲೇ ಸೇರಿಸಮ್ಮಾ” ಎಂದು ಮುಂದೆ ಹೋದರು. ಆ ದಿನದ ಪಾಠದಲ್ಲಿ ಎಲ್ಲರೂ ನಿಲ್ಲಬೇಕಿದ್ದ ಜಾಗ ಅದೇ ಆಗಿತ್ತು ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದೆ.

ಆ ಪ್ರಶಿಕ್ಷಣಾರ್ಥಿಯನ್ನು ದೂರಿ ಫಲವಿಲ್ಲ. ನಾವು ಕಾಲೇಜಿನಲ್ಲಿ ಅವರಿಗೆ ಕಲಿಸಿದ್ದೂ ಹೀಗೆಯೇ. 2014ರ ಎನ್‌ಸಿಟಿಇ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸ್ ಆಯಿತು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ‘ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ಪತ್ರಿಕೆಯೇ ಬಂತು. ವಿಮರ್ಶಾತ್ಮಕ ಎಂಬ ಪದಕ್ಕೆ ಅರ್ಥವಿರಬೇಕಾದರೆ, ತಂತ್ರಾಂಶ ಕೊಟ್ಟ ಚೌಕಟ್ಟಿಗೆ ನಮ್ಮ ಊರಿನ ವಿಳಾಸ ಹೊಂದುತ್ತದೆಯೇ ಎಂದು ಕೇಳುವುದು ಅದರ ಮೊದಲ ಹೆಜ್ಜೆ ಆಗಬೇಕಲ್ಲವೇ?

ನಮ್ಮ ವಿಳಾಸಕ್ಕೆ ತನ್ನದೇ ವ್ಯಾಕರಣವಿದೆ

ವರ್ಡ್‌ನ ಅಡ್ರೆಸ್ ಬ್ಲಾಕ್ ಎಂಬ ಸೌಲಭ್ಯವನ್ನು ತೆರೆದು ನೋಡಿ. ಮೊದಲ ಹೆಸರು, ಕೊನೆಯ ಹೆಸರು, ಬೀದಿ, ನಗರ, ರಾಜ್ಯ, ಅಂಚೆ ಸಂಖ್ಯೆ ಎಂಬ ವಿಭಾಗಗಳು ಅದರಲ್ಲಿವೆ. ನಮ್ಮ ಹಳ್ಳಿಯ ವಿಳಾಸ ಹಾಗಿಲ್ಲ. ಹೆಸರಿನ ಜೊತೆ ‘ಬಿನ್’ ಅಥವಾ ‘ಕೋಂ’ ಇರುತ್ತದೆ, ಏಕೆಂದರೆ ಒಂದೇ ಊರಿನಲ್ಲಿ ಮೂವರು ನಂಜಮ್ಮ, ನಾಲ್ವರು ಶಿವಣ್ಣ ಇರುತ್ತಾರೆ. ಆಮೇಲೆ ಗ್ರಾಮ, ನಂತರ ಅಂಚೆ. ಗ್ರಾಮವೂ ಅಂಚೆಯೂ ಒಂದೇ ಆದರೆ ‘ಗ್ರಾಮ ಮತ್ತು ಅಂಚೆ’ ಎಂದು ಬರೆಯುತ್ತೇವೆ. ಬೇರೆಯಾದರೆ ಎರಡನ್ನೂ ಬೇರೆ ಬೇರೆ ಬರೆಯುತ್ತೇವೆ. ನಂತರ ಹೋಬಳಿ, ತಾಲ್ಲೂಕು, ಜಿಲ್ಲೆ, ಕೊನೆಗೆ ಪಿನ್ ಕೋಡ್. ನಮ್ಮಲ್ಲಿ ಅನೇಕರಿಗೆ ‘ಕೊನೆಯ ಹೆಸರು’ ಎಂಬುದೇ ಇಲ್ಲ. ಇನಿಷಿಯಲ್‌ನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಅಡಗಿರುತ್ತದೆ. ಆದ್ದರಿಂದ ಅಡ್ರೆಸ್ ಬ್ಲಾಕನ್ನು ಬಿಟ್ಟು, ಇನ್ಸರ್ಟ್ ಮರ್ಜ್ ಫೀಲ್ಡ್ ಎಂಬುದರಿಂದ ನಮ್ಮದೇ ಕಾಲಂಗಳನ್ನು ಒಂದೊಂದಾಗಿ ಇಡುವುದನ್ನೇ ಮಕ್ಕಳಿಗೆ ಕಲಿಸಬೇಕು.

ಈ ಭಾಗಗಳಲ್ಲಿ ಯಾವುದೂ ಅಲಂಕಾರಕ್ಕಾಗಿ ಇಲ್ಲ. ‘ಕಸಬಾ ಹೋಬಳಿ’ ಎಂದಷ್ಟೇ ಬರೆದರೆ ಯಾವ ಕಸಬಾ? ರಾಮನಗರಕ್ಕೂ ಕಸಬಾ ಇದೆ, ಚನ್ನಪಟ್ಟಣಕ್ಕೂ ಕನಕಪುರಕ್ಕೂ ಮಾಗಡಿಗೂ ಇದೆ. ‘ಕೋಡಿಹಳ್ಳಿ’ ಎಂದರೆ ಕನಕಪುರದ ಕಡೆಯ ಕೋಡಿಹಳ್ಳಿಯೋ ಬೆಂಗಳೂರು ನಗರದೊಳಗಿನ ಕೋಡಿಹಳ್ಳಿಯೋ? ಹೋಬಳಿ, ತಾಲ್ಲೂಕುಗಳ ಕಾಲಂ ಇದ್ದರೆ ಈ ಪ್ರಶ್ನೆಗೆ ಉತ್ತರ ಚೀಟಿಯಲ್ಲೇ ಇರುತ್ತದೆ.

ವಿಳಾಸವನ್ನು ಕನ್ನಡದಲ್ಲೇ ಬರೆಸಬೇಕೆಂದು ನಾನು ಹಟ ಹಿಡಿಯುವುದಕ್ಕೂ ಇಲ್ಲಿಯೇ ಕಾರಣವಿದೆ. ಅಪ್ರಮೇಯ ಸ್ವಾಮಿಯ ದೇವಸ್ಥಾನದಿಂದ ಹೆಸರಾದ ಚನ್ನಪಟ್ಟಣದ ಮಳೂರನ್ನೂ ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರ ಮಾಲೂರನ್ನೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದಲ್ಲಿ ಬರೆಯುವುದುಂಟು. ಕನ್ನಡದಲ್ಲಿ ಬರೆದರೆ ಗೊಂದಲವೇ ಹುಟ್ಟುವುದಿಲ್ಲ: ಒಂದು ಮ-ಳೂ, ಇನ್ನೊಂದು ಮಾ-ಲೂ. ಮಾಗಡಿ ತಾಲ್ಲೂಕಿನ ಕುದೂರಿಗೂ ಚಿಕ್ಕಮಗಳೂರು ಜಿಲ್ಲೆಯ ಕಡೂರಿಗೂ ಇಂಗ್ಲಿಷಿನಲ್ಲಿ ಒಂದೇ ಒಂದು ಅಕ್ಷರದ ಅಂತರ. ಅವಸರದಲ್ಲಿ ಟೈಪ್ ಮಾಡುವವರ ಕೈಯಲ್ಲಿ ಅದು ಅಳಿಸಿಹೋಗುವುದು ಸುಲಭ. ಕನ್ನಡದಲ್ಲಿ ‘ದ’ ಮತ್ತು ‘ಡ’ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಜೊತೆಗೆ, ಚೀಟಿ ತಲುಪಬೇಕಾದ ತಾಯಿ ಓದುವುದು ಕನ್ನಡವನ್ನು. ಕವರಿನ ಮೇಲೆ ತನ್ನ ಹೆಸರಿದೆಯೆಂದು ಅವರಿಗೆ ಯಾರ ನೆರವೂ ಇಲ್ಲದೆ ತಿಳಿಯಬೇಕು. ಹೊರರಾಜ್ಯಕ್ಕೆ ಹೋಗುವ ಕಾಗದವಾದರೆ ಊರು, ರಾಜ್ಯಗಳ ಹೆಸರನ್ನು ಇಂಗ್ಲಿಷಿನಲ್ಲೂ ಬರೆಯುವುದು ವಿವೇಕ. ಅದಕ್ಕೆ ಇನ್ನೊಂದು ಕಾಲಂ ಸೇರಿಸಿದರಾಯಿತು.

ಪಿನ್ ಕೋಡ್ ಬಗ್ಗೆಯೂ ಎರಡು ಮಾತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳ ಸಂಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ಮೊದಲ ಅಂಕಿ ದೇಶದ ವಲಯ, ಮೊದಲ ಮೂರು ಅಂಕಿ ಸೇರಿ ವಿಂಗಡಣೆಯ ಪ್ರದೇಶ, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ರಾಮನಗರ 562159, ಚನ್ನಪಟ್ಟಣ 562160, ಕನಕಪುರ 562117, ಮಾಗಡಿ 562120. ನಾಲ್ಕನ್ನೂ ಕಪ್ಪು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು “ಏನು ಕಾಣುತ್ತಿದೆ?” ಎಂದು ಕೇಳಿ. 562 ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ರಾಮನಗರಕ್ಕೆ 571511 ಎಂದೂ ಚನ್ನಪಟ್ಟಣಕ್ಕೆ 571501 ಎಂದೂ ಬರೆದ ಹಳೆಯ ಕವರು ಯಾರದಾದರೂ ಮನೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಊರು ಇದ್ದಲ್ಲೇ ಇದೆ, ಸಂಖ್ಯೆ ಮಾತ್ರ ಬದಲಾಗಿದೆ. ಹಳೆಯ ಪಟ್ಟಿಯನ್ನು ನೋಡಿ ನಕಲು ಮಾಡಿದರೆ ಏನಾಗುತ್ತದೆ ಎಂಬ ಚರ್ಚೆಗೆ ಅದಕ್ಕಿಂತ ಒಳ್ಳೆಯ ಬೋಧನೋಪಕರಣ ಬೇಕಿಲ್ಲ.

ಮನೆ ಕದಲಲಿಲ್ಲ, ಜಿಲ್ಲೆ ಬದಲಾಯಿತು

ಕಾಲಂ ಏಕೆ ಬೇಕು ಎಂದು ವಿವರಿಸಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಮಾಗಡಿಯ ಒಂದು ಹಳೆಯ ಮನೆಯನ್ನು ಕಲ್ಪಿಸಿಕೊಳ್ಳಿ. 1986ಕ್ಕೆ ಮೊದಲು ಅದು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸುವ ತೀರ್ಮಾನ ಮಾಡಿತು. ಮನೆ ಒಂದು ಅಡಿಯೂ ಕದಲದೆ ನಾಲ್ಕು ಜಿಲ್ಲೆಗಳ ಹೆಸರು ಹೊತ್ತಿತು. ರಾಮನಗರ ಪಟ್ಟಣವೇ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತು. ಕನಕಪುರದಿಂದ ಹಾರೋಹಳ್ಳಿ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿದೆ.

ಈಗ ಶಾಲೆಯ ಗುಮಾಸ್ತರ ಗಣಕಯಂತ್ರದಲ್ಲಿ 300 ಪೋಷಕರ ವಿಳಾಸಗಳಿವೆ ಎನ್ನಿ. ಪ್ರತಿ ವಿಳಾಸವೂ ಒಂದೇ ಕೋಶದಲ್ಲಿ ತುಂಬಿದೆ: ‘... ರಾಮನಗರ ತಾಲ್ಲೂಕು, ರಾಮನಗರ ಜಿಲ್ಲೆ’. ಹೆಸರು ಬದಲಿಸಲು ಫೈಂಡ್ ಆ್ಯಂಡ್ ರೀಪ್ಲೇಸ್ ಕೊಟ್ಟು ‘ರಾಮನಗರ’ ಇದ್ದಲ್ಲೆಲ್ಲ ‘ಬೆಂಗಳೂರು ದಕ್ಷಿಣ’ ಹಾಕಿದರೆ ತಾಲ್ಲೂಕಿನ ಹೆಸರೂ ಬದಲಾಗುತ್ತದೆ, ಪಟ್ಟಣದ ಹೆಸರೂ ಬದಲಾಗುತ್ತದೆ. ಅದೂ ಸಾಲದೆಂಬಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ತಾಲ್ಲೂಕು ಮೊದಲಿನಿಂದಲೂ ಇದೆ. ರಾಮನಗರ ಪಟ್ಟಣದ ಮಗುವಿನ ಕಾಗದ ಕೆಂಗೇರಿಯ ಕಡೆ ಹೊರಟರೆ ಆಶ್ಚರ್ಯಪಡಬೇಕಿಲ್ಲ. ಅದೇ ಪಟ್ಟಿಯಲ್ಲಿ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಬೇರೆ ಬೇರೆ ಕಾಲಂಗಳಲ್ಲಿದ್ದರೆ ಜಿಲ್ಲೆಯ ಕಾಲಂ ಒಂದನ್ನು ತಿದ್ದಿದರೆ ಮುಗಿಯಿತು; ಎರಡು ನಿಮಿಷದ ಕೆಲಸ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ತೆರೆದಿಟ್ಟು ಬದಲಾವಣೆ ಮಾಡಿ ತೋರಿಸಿದರೆ, ಮಾಹಿತಿಯನ್ನು ಏಕೆ ಬಿಡಿಸಿಡಬೇಕು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಇದನ್ನು ಗಮನಿಸಬೇಕು. ಜಿಲ್ಲೆ, ತಾಲ್ಲೂಕು, ಹೋಬಳಿ ಎಂಬ ಆಡಳಿತದ ಮೆಟ್ಟಿಲುಗಳನ್ನು ಪಠ್ಯದಿಂದ ಓದಿಸುವುದಕ್ಕಿಂತ ಮಗುವಿನ ಸ್ವಂತ ವಿಳಾಸದಿಂದ ಹತ್ತಿಸುವುದು ಸುಲಭ.

ಅಕ್ಷರ ಕಾಣುವುದು ಬೇರೆ, ಉಳಿಯುವುದು ಬೇರೆ

ಕನ್ನಡದಲ್ಲಿ ಲೇಬಲ್ ಮಾಡಲು ಹೊರಟ ಪ್ರಶಿಕ್ಷಣಾರ್ಥಿಗಳು ಎಡವುವುದು ಫಾಂಟಿನಲ್ಲಿ. ನಮ್ಮ ಅನೇಕ ಶಾಲೆಗಳ ಪಟ್ಟಿಗಳು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ಗಳಲ್ಲಿವೆ. ಆ ಕಾಲಕ್ಕೆ ಈ ತಂತ್ರಾಂಶಗಳು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಅವಿಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ. ಆದರೆ ಆಸ್ಕಿ ಫಾಂಟಿನಲ್ಲಿ ಗಣಕಯಂತ್ರ ಉಳಿಸಿಟ್ಟುಕೊಳ್ಳುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳನ್ನು. ಕನ್ನಡವಾಗಿ ಕಾಣುವುದು ಫಾಂಟಿನ ಕೈಚಳಕದಿಂದ. ಅಂಥ ಪಟ್ಟಿಯನ್ನು ಲೇಬಲ್ ಕಡತಕ್ಕೆ ಜೋಡಿಸಿದಾಗ, ಲೇಬಲ್‌ನಲ್ಲಿ ಅದೇ ಫಾಂಟ್ ಇಡದಿದ್ದರೆ ಹಾಳೆಯ ತುಂಬ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಮೊಬೈಲಿನಲ್ಲಿ ತೆರೆದರೂ ಅದೇ ಕಥೆ. ಊರಿನ ಹೆಸರಿನಂತೆ ಅಕಾರಾದಿ ಜೋಡಿಸಿ ಎಂದರೆ ಕ್ರಮ ಅಸ್ತವ್ಯಸ್ತವಾಗುತ್ತದೆ.

ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸ್ಥಾನವಿದೆ. ಫಾಂಟ್ ಬದಲಿಸಿದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಆದ್ದರಿಂದ ಅಭ್ಯಾಸ ಬೋಧನೆಯಲ್ಲಿ ವಿಳಾಸದ ಪಟ್ಟಿಯನ್ನು ಯುನಿಕೋಡ್‌ನಲ್ಲಿ ಮಾತ್ರ ಮಾಡಿಸಬೇಕು. ಶಾಲೆಯಲ್ಲಿ ಆಸ್ಕಿ ಪಟ್ಟಿ ಇದ್ದರೆ ಪರಿವರ್ತಕ ಬಳಸಿ ಬದಲಿಸಿ, ಬದಲಿಸಿದ ಮೇಲೆ ಮಕ್ಕಳಿಂದ ಒಂದು ಸಾಲೂ ಬಿಡದೆ ಓದಿಸಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಜಾರುವುದುಂಟು. ಊರಿನ ಹೆಸರು ಗೊತ್ತಿರುವ ಮಗುವಿನ ಕಣ್ಣು ಇಲ್ಲಿ ಯಾವ ಯಂತ್ರಕ್ಕಿಂತಲೂ ಚುರುಕು. ಇದು ಕನ್ನಡ ಕಾಗುಣಿತದ ಪಾಠವೂ ಆಗುತ್ತದೆ.

ಎಕ್ಸೆಲ್ ಅಥವಾ ಕ್ಯಾಲ್ಕ್‌ನಲ್ಲಿ ಪಟ್ಟಿ ಮಾಡುವಾಗ ಇನ್ನೊಂದು ಎಚ್ಚರ. ಮನೆ ಸಂಖ್ಯೆ 12/3 ಎಂದು ಟೈಪ್ ಮಾಡಿದರೆ ಅದು ದಿನಾಂಕವಾಗಿ ಬದಲಾಗುವ ಸಂಭವ ಹೆಚ್ಚು. ಟೈಪ್ ಮಾಡುವ ಮೊದಲೇ ಆ ಕಾಲಂಗೆ ಟೆಕ್ಸ್ಟ್ ಎಂಬ ರೂಪ ಕೊಡಬೇಕು. ಹೋಬಳಿ ಇಲ್ಲದ ಪಟ್ಟಣದ ವಿಳಾಸಗಳಲ್ಲಿ ‘ಹೋಬಳಿ’ ಎಂಬ ಪದ ಮಾತ್ರ ಒಂಟಿಯಾಗಿ ಮುದ್ರಣವಾಗುವುದೂ ಉಂಟು, ಏಕೆಂದರೆ ಅದನ್ನು ನಾವು ಲೇಬಲ್‌ನಲ್ಲೇ ಟೈಪ್ ಮಾಡಿರುತ್ತೇವೆ. ರೂಲ್ಸ್‌ನಲ್ಲಿರುವ ‘ಇಫ್’ ನಿಯಮದಿಂದ ‘ಕಾಲಂ ಖಾಲಿ ಇದ್ದರೆ ಪದವನ್ನೂ ಬಿಡು’ ಎಂದು ಹೇಳಬಹುದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಷರತ್ತಿನ ತರ್ಕವನ್ನು ಪರಿಚಯಿಸಲು ಇದು ಸಹಜವಾಗಿ ಒದಗಿಬರುವ ಸಂದರ್ಭ.

ಹಾಳೆಯ ಲೆಕ್ಕ

ಲೇಬಲ್ ಹಾಳೆ ಸರಿಯಾಗಿ ಮುದ್ರಣವಾಗದಿದ್ದರೆ ಪ್ರಶಿಕ್ಷಣಾರ್ಥಿಗಳು “ಪ್ರಿಂಟರ್ ಸರಿಯಿಲ್ಲ” ಎನ್ನುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಪ್ರಿಂಟರ್ ಹೇಳಿದ್ದನ್ನೇ ಮಾಡಿರುತ್ತದೆ. ಇಲ್ಲಿ ಗಣಿತದವರು ಮುಂದೆ ಬರಬೇಕು.

ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಒಂದು ಹಾಳೆಯಲ್ಲಿ 24 ಚೀಟಿಗಳಿವೆ ಎನ್ನಿ: ಅಡ್ಡಕ್ಕೆ 3, ಉದ್ದಕ್ಕೆ 8. ಒಂದು ಚೀಟಿ 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ, ಅಡ್ಡ ಚೀಟಿಗಳ ನಡುವೆ 2 ಮಿ.ಮೀ. ಬಿಡುವು. ಮೂರು ಚೀಟಿ 192, ಎರಡು ಬಿಡುವು 4, ಒಟ್ಟು 196. ಉಳಿದ 14 ಮಿ.ಮೀ.ಅನ್ನು ಎರಡು ಬದಿಗೆ ಹಂಚಿದರೆ ಪಕ್ಕದ ಅಂಚು 7. ಉದ್ದಕ್ಕೆ ಎಂಟು ಚೀಟಿ 272. ಉಳಿದ 25ರಲ್ಲಿ ಅರ್ಧ 12.5 ಮೇಲಿನ ಅಂಚು. ಲೇಬಲ್ ಆಪ್ಷನ್ಸ್‌ನಲ್ಲಿ ‘ಪಿಚ್’ ಎಂದು ಕೇಳುವುದು ಒಂದು ಚೀಟಿಯ ಆರಂಭದಿಂದ ಮುಂದಿನ ಚೀಟಿಯ ಆರಂಭದವರೆಗಿನ ದೂರವನ್ನು. ಇಲ್ಲಿ ಅಡ್ಡಕ್ಕೆ 66, ಉದ್ದಕ್ಕೆ 34. ಚೀಟಿಯ ಅಗಲಕ್ಕೂ ಪಿಚ್‌ಗೂ ವ್ಯತ್ಯಾಸ ತಿಳಿಯದೆ 64 ಎಂದೇ ತುಂಬಿದರೆ ಮೂರನೆಯ ಕಾಲಂ 4 ಮಿ.ಮೀ. ಎಡಕ್ಕೆ ಸರಿಯುತ್ತದೆ. ಮಕ್ಕಳು ಮೊದಲು ಅಳತೆಪಟ್ಟಿಯಿಂದ ಅಳೆದು, ಲೆಕ್ಕ ಮಾಡಿ, ಆಮೇಲೆ ಈ ಸಂಖ್ಯೆಗಳನ್ನು ತುಂಬಲಿ. ಲಿಬ್ರೆ ಆಫೀಸ್‌ನಲ್ಲೂ ಇದೇ ಅಳತೆಗಳನ್ನೇ ಕೇಳುತ್ತದೆ.

ಮುದ್ರಿಸುವಾಗ ಎರಡು ಸಂಗತಿ. ಕಾಗದದ ಗಾತ್ರ ‘ಲೆಟರ್’ ಎಂದಿದ್ದರೆ ಅದು 279 ಮಿ.ಮೀ. ಎತ್ತರದ ಅಮೆರಿಕದ ಹಾಳೆ. ಅದನ್ನು ಎ4 ಮಾಡಬೇಕು. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಇದ್ದರೆ ತೆಗೆಯಬೇಕು. ಯಂತ್ರ 100ರ ಬದಲು 97 ಪ್ರತಿಶತಕ್ಕೆ ಕುಗ್ಗಿಸಿದರೆ ಒಂದು ಸಾಲಿಗೆ ಸುಮಾರು 1 ಮಿ.ಮೀ. ಕಡಿಮೆಯಾಗುತ್ತದೆ. ಮೊದಲ ಸಾಲು ಸರಿಯಾಗಿ ಕೂತರೂ ಎಂಟನೆಯ ಸಾಲಿಗೆ ಬರುವಷ್ಟರಲ್ಲಿ 7 ಮಿ.ಮೀ. ತಪ್ಪಿರುತ್ತದೆ. ಶೇಕಡಾವಾರು ಪಾಠಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಇರಲಾರದು.

ಕನ್ನಡಕ್ಕೆ ಸೇರಿದ ಇನ್ನೊಂದು ಲೆಕ್ಕವಿದೆ. 34 ಮಿ.ಮೀ. ಎಂದರೆ ಸುಮಾರು 96 ಪಾಯಿಂಟ್. ನಮ್ಮ ಹಳ್ಳಿಯ ವಿಳಾಸಕ್ಕೆ ಆರು ಸಾಲು ಬೇಕು. 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲಿನ ಅಂತರ ಕೊಟ್ಟರೆ 90 ಆಗುತ್ತದೆ, ಹಿಡಿಸುತ್ತದೆ. ಜಾಗ ಉಳಿಸಲೆಂದು ಅಂತರವನ್ನು ‘ಎಕ್ಸಾಕ್ಟ್ಲಿ 10’ ಎಂದು ಬಿಗಿದರೆ ಚನ್ನಪಟ್ಟಣ, ತಿಪ್ಪಸಂದ್ರ ಮುಂತಾದ ಹೆಸರುಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಒತ್ತು ಇಲ್ಲದ ಇಂಗ್ಲಿಷಿಗೆಂದು ಮಾಡಿದ ಮಾದರಿಯನ್ನು ಹಾಗೆಯೇ ಎತ್ತಿಕೊಂಡರೆ ಹೀಗಾಗುತ್ತದೆ.

ನಾಲ್ಕು ಅವಧಿಗಳ ಯೋಜನೆ

ಟೀಕೆ ಮಾಡಿದವರು ದಾರಿಯನ್ನೂ ತೋರಿಸಬೇಕು. ನನ್ನ ಸಲಹೆ ಹೀಗಿದೆ.

ಮೊದಲ ಅವಧಿ, ಗಣಕಯಂತ್ರವಿಲ್ಲದೆ. ಪ್ರತಿ ಮಗುವೂ ಒಂದು ಕಲ್ಪಿತ ವ್ಯಕ್ತಿಗೆ ತನ್ನ ತಾಲ್ಲೂಕಿನ ಯಾವುದಾದರೂ ಊರಿನ ವಿಳಾಸವನ್ನು ಕಾಗದದ ಪಟ್ಟಿಯಲ್ಲಿ ಬರೆಯಲಿ. ಕತ್ತರಿಯಿಂದ ಭಾಗ ಭಾಗವಾಗಿ ಕತ್ತರಿಸಲಿ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಕಾಲಂ ಗೆರೆ ಎಳೆದು ಆಯಾ ತುಂಡನ್ನು ಆಯಾ ಕಾಲಂನಲ್ಲಿ ಇಡಲಿ. ಯಾವ ತುಂಡು ಎಲ್ಲಿ ಹೋಗಬೇಕೆಂಬ ಜಗಳ ಬರುತ್ತದೆ. ಆ ಜಗಳವೇ ಪಾಠ. ಪ್ರಶಿಕ್ಷಣಾರ್ಥಿ ತೀರ್ಪು ಕೊಡಲು ಅವಸರ ಮಾಡಬಾರದು. ಕಾಲಂಗಳ ಹೆಸರನ್ನು ಮಕ್ಕಳೇ ಗೊತ್ತುಮಾಡಲಿ. ಸಾಧ್ಯವಾದರೆ ಊರಿನ ಪೋಸ್ಟ್‌ಮ್ಯಾನ್ ಅವರನ್ನು ಅರ್ಧ ಗಂಟೆ ಕರೆಯಿಸಿ, ಯಾವ ತುಂಡು ಇಲ್ಲದಿದ್ದರೆ ಅವರಿಗೆ ಕಷ್ಟವೆಂದು ಕೇಳಿಸಿ.

ಎರಡನೆಯ ಅವಧಿ, ಪಟ್ಟಿಯನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡುವುದು. ಒಬ್ಬರು ಓದಲಿ, ಒಬ್ಬರು ಟೈಪ್ ಮಾಡಲಿ, ಮೂರನೆಯವರು ತಪ್ಪು ಹುಡುಕಲಿ. ಆಮೇಲೆ ತಾಲ್ಲೂಕಿನಂತೆ, ಪಿನ್‌ನಂತೆ ಪಟ್ಟಿಯನ್ನು ಜೋಡಿಸಿ ನೋಡಲಿ. ಜಿಲ್ಲೆಯ ಹೆಸರನ್ನು ಬದಲಿಸುವ ಪ್ರಯೋಗವನ್ನು ಇಲ್ಲಿಯೇ ಮಾಡಿಸಬೇಕು.

ಮೂರನೆಯ ಅವಧಿ, ಹಾಳೆಯ ಅಳತೆ ಮತ್ತು ಜೋಡಣೆ. ಲೇಬಲ್ ಕಡತ ತೆರೆದು ಪಟ್ಟಿಯನ್ನು ಜೋಡಿಸಿ, ಮೊದಲ ಚೀಟಿಯಲ್ಲಿ ಕಾಲಂಗಳನ್ನು ಇಟ್ಟು, ಅಪ್‌ಡೇಟ್ ಲೇಬಲ್ಸ್ ಒತ್ತುವುದು. ಇದನ್ನು ಮರೆತರೆ ಹಾಳೆಯ ಮೊದಲ ಚೀಟಿ ಮಾತ್ರ ತುಂಬಿ ಉಳಿದ 23 ಖಾಲಿಯಾಗಿರುತ್ತವೆ. ಎರಡನೆಯ ಪುಟದಲ್ಲಿ 25ನೆಯ ವಿಳಾಸ ಬರುತ್ತದೆ. ಬೇಕೆಂದೇ ಒಮ್ಮೆ ಹೀಗೆ ಮಾಡಿ ತೋರಿಸಿ, “ನಡುವಿನವರು ಎಲ್ಲಿ ಹೋದರು?” ಎಂದು ಕೇಳಿ. ‘ಮುಂದಿನ ದಾಖಲೆ’ ಎಂಬ ಸೂಚನೆ ಪ್ರತಿ ಚೀಟಿಯಲ್ಲೂ ಪಟ್ಟಿಯನ್ನು ಒಂದು ಸಾಲು ಮುಂದೆ ತಳ್ಳುತ್ತದೆಂದು ಮಕ್ಕಳಿಗೆ ಆಗ ತಿಳಿಯುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಇದೇ ಕೆಲಸಕ್ಕೆ ಸಿಂಕ್ರೊನೈಸ್ ಎಂಬ ಗುಂಡಿ ಇದೆ.

ನಾಲ್ಕನೆಯ ಅವಧಿ, ಮುದ್ರಣ. ಮೊದಲು ಸಾದಾ ಹಾಳೆಯಲ್ಲಿ ಮುದ್ರಿಸಿ, ಲೇಬಲ್ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಸರಿ ಕೂತರೆ ಮಾತ್ರ ಲೇಬಲ್ ಹಾಳೆ ಹಾಕಬೇಕು. ಅರ್ಧ ಚೀಟಿ ಕಿತ್ತ ಹಾಳೆಯನ್ನು ಲೇಸರ್ ಪ್ರಿಂಟರ್‌ಗೆ ಮತ್ತೆ ಹಾಕಬಾರದು. ಬಿಸಿಗೆ ಅಂಟು ಬಿಟ್ಟು ಒಳಗೆ ಸಿಕ್ಕಿಕೊಳ್ಳಬಹುದು. ಲೇಬಲ್ ಹಾಳೆ ಕೊಳ್ಳಲು ಹಣವಿಲ್ಲದ ಶಾಲೆಯಲ್ಲಿ ಸಾದಾ ಹಾಳೆಯಲ್ಲಿ ಮುದ್ರಿಸಿ, ಕತ್ತರಿಸಿ, ಗೋಂದು ಹಚ್ಚಿದರೆ ಕಲಿಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಕೆಲವು ಆಕ್ಷೇಪಗಳು

ವಾಟ್ಸ್‌ಆ್ಯಪ್ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಾಗದ ಕಡಿಮೆಯಾಗಿದೆ, ವಿಳಾಸ ಕಡಿಮೆಯಾಗಿಲ್ಲ. ಚನ್ನಪಟ್ಟಣದ ಗೊಂಬೆಗಳು ದೇಶದ ಮೂಲೆ ಮೂಲೆಗೆ ಪಾರ್ಸೆಲ್ ಆಗಿ ಹೋಗುತ್ತವೆ. ಪ್ರತಿ ಪೆಟ್ಟಿಗೆಗೂ ಚೀಟಿ ಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯವರು ಆ ಕೆಲಸದಲ್ಲೇ ಇದ್ದಾರೆ. ಗುರುತಿನ ಚೀಟಿ, ಪ್ರವೇಶ ಪತ್ರ, ಪ್ರಗತಿ ಪತ್ರ, ಪೋಷಕರ ಸಭೆಯ ಆಹ್ವಾನ ಎಲ್ಲವೂ ಒಂದು ಪಟ್ಟಿ ಮತ್ತು ಒಂದು ಮಾದರಿ ಸೇರಿ ಆಗುವ ಕೆಲಸಗಳೇ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ಹತ್ತು ಚಿಹ್ನೆಗಳ ಸಂಕೇತವನ್ನು ತಂದಿದೆ. ಅದು ಸುಮಾರು 4 ಮೀಟರ್ ಚದರದ ಜಾಗವನ್ನು ಗುರುತಿಸುತ್ತದೆ. ನಾಳೆ ಅದೂ ಬಳಕೆಗೆ ಬಂದರೆ ಪಟ್ಟಿಗೆ ಇನ್ನೊಂದು ಕಾಲಂ ಸೇರುತ್ತದೆ, ಅಷ್ಟೆ. ಕಾಲಂ ಅರಿತ ಮಗು ಅದಕ್ಕೆ ಹೆದರುವುದಿಲ್ಲ.

ನಾಲ್ಕು ಅವಧಿ ಎಲ್ಲಿಂದ ತರುವುದು ಎಂಬುದು ಎರಡನೆಯ ಆಕ್ಷೇಪ. ಇದನ್ನು ಗಣಕಯಂತ್ರದ ಒಂದೇ ಪಾಠವೆಂದು ನೋಡಿದರೆ ಕಷ್ಟ. ಮೊದಲ ಅವಧಿಯನ್ನು ಕನ್ನಡದವರು ಪತ್ರಲೇಖನದ ಜೊತೆ ತೆಗೆದುಕೊಳ್ಳಲಿ. ‘ಇವರಿಂದ’, ‘ಇವರಿಗೆ’ ಬರೆಸುವುದು ಹೇಗೂ ಇದ್ದೇ ಇದೆ. ಹಾಳೆಯ ಅಳತೆಯನ್ನು ಗಣಿತದವರು, ಜಿಲ್ಲೆಯ ಕಥೆಯನ್ನು ಸಮಾಜ ವಿಜ್ಞಾನದವರು ತೆಗೆದುಕೊಳ್ಳಲಿ. ಒಂದೇ ಶಾಲೆಗೆ ಹಾಕಿದ ಪ್ರಶಿಕ್ಷಣಾರ್ಥಿಗಳ ತಂಡ ಸೇರಿ ಯೋಜಿಸಿದರೆ ಯಾರ ಸಮಯವೂ ವ್ಯರ್ಥವಾಗದು. ಅರ್ಧದಷ್ಟು ಕೆಲಸ ಕಾಗದ, ಕತ್ತರಿ, ಅಳತೆಪಟ್ಟಿಗಳಲ್ಲೇ ಇರುವುದರಿಂದ ಎರಡೇ ಗಣಕಯಂತ್ರಗಳಿರುವ ಶಾಲೆಯಲ್ಲೂ, ಕರೆಂಟ್ ಹೋದ ದಿನವೂ ಪಾಠ ನಿಲ್ಲುವುದಿಲ್ಲ.

ಮೂರನೆಯದು ಆಕ್ಷೇಪವಲ್ಲ, ಆತಂಕ, ನನ್ನದೂ ಹೌದು. ಅಭ್ಯಾಸಕ್ಕೆಂದು ಶಾಲೆಯ ದಾಖಲಾತಿ ಪುಸ್ತಕದಿಂದ ನಿಜವಾದ ಮಕ್ಕಳ ಹೆಸರು, ತಂದೆಯ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಪ್ರಶಿಕ್ಷಣಾರ್ಥಿಗಳು ನಕಲು ಮಾಡಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯುವುದನ್ನು ಕಂಡಿದ್ದೇನೆ. ದುರುದ್ದೇಶ ಇರುವುದಿಲ್ಲ, ಅಭ್ಯಾಸ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಹೆಣ್ಣುಮಗುವೊಬ್ಬಳ ಮನೆಯ ವಿಳಾಸ ಯಾರ ಯಾರ ಕೈಗೋ ಸೇರಬಾರದು ಎಂಬುದು ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಪಾಠಕ್ಕೆ ಕಲ್ಪಿತ ಹೆಸರುಗಳು ಸಾಕು. ಊರು, ಹೋಬಳಿ, ಪಿನ್ ಮಾತ್ರ ನಿಜವಿರಲಿ. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಅಳಿಸುವುದೂ ಪಾಠದ ಒಂದು ಹಂತವೆಂದು ಯೋಜನೆಯಲ್ಲಿ ಬರೆದಿರಬೇಕು.

ಅಂಕ ಕೊಡುವವರಿಗೆ ಒಂದು ಮಾತು

ಕೊನೆಯದಾಗಿ, ವೀಕ್ಷಣಾ ಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುವ ನಮ್ಮ ವಿಷಯ. ಪ್ರಶಿಕ್ಷಣಾರ್ಥಿಗಳು ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಅದನ್ನೇ ಮಾಡುತ್ತಾರೆ. ಬಣ್ಣದ ಸ್ಲೈಡಿಗೂ ತಡವರಿಸದೆ ಹೇಳಿದ ಹಂತಗಳಿಗೂ ಅಂಕ ಕೊಟ್ಟರೆ ಸ್ಲೈಡೂ ಹಂತಗಳೂ ಸಿಗುತ್ತವೆ. ಈ ಪಾಠದ ಮಟ್ಟಿಗೆ ನಾನು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಕಾಲಂಗಳನ್ನು ಗೊತ್ತುಮಾಡಿದವರು ಮಕ್ಕಳೇ? ಚೀಟಿಯಲ್ಲಿ ಇರುವುದು ನಮ್ಮ ಊರಿನ ವಿಳಾಸವೇ, ಯುನಿಕೋಡ್ ಕನ್ನಡದಲ್ಲಿ ಇದೆಯೇ? ಚೀಟಿ ತಪ್ಪಿ ಕೂತಾಗ ಕಾರಣವನ್ನು ಮಕ್ಕಳು ಅಳತೆ ಮಾಡಿ ಕಂಡುಹಿಡಿದರೇ? ಬೇರೆಯವರ ಮಾಹಿತಿಯನ್ನು ಜೋಪಾನ ಮಾಡಿದರೇ? ನಾಲ್ಕಕ್ಕೂ ಹೌದು ಎಂದಾದರೆ, ಮುದ್ರಣ ಆ ದಿನ ಸಾಧ್ಯವಾಗದೆ ಹೋದರೂ ಪೂರ್ಣ ಅಂಕ ಕೊಡಲು ನನಗೆ ಅಳುಕಿಲ್ಲ.

ತಂತ್ರಾಂಶದ ಆವೃತ್ತಿ ಬದಲಾದಂತೆ ಗುಂಡಿಗಳ ಜಾಗ ಬದಲಾಗುತ್ತದೆ; ನಾವು ಬರೆಸಿದ ಹಂತಗಳು ಅಲ್ಲಿಗೆ ಹಳತಾಗುತ್ತವೆ. ವಿಳಾಸವನ್ನು ಬಿಡಿಸಿ ನೋಡಲು ಕಲಿತ ಮಗು ಹೊಸ ಆವೃತ್ತಿಯಲ್ಲೂ ತನಗೆ ಬೇಕಾದ ಗುಂಡಿಯನ್ನು ಹುಡುಕಿಕೊಳ್ಳುತ್ತದೆ. ಮುಂದಿನ ಅಭ್ಯಾಸ ಬೋಧನೆಯ ತಂಡಗಳು ಹೊರಡುವ ಮುನ್ನ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಕತ್ತರಿ, ಕಾಗದ, ಅಳತೆಪಟ್ಟಿ ಹಿಡಿದು ಈ ಪಾಠವನ್ನು ನಾವೇ ಒಮ್ಮೆ ಮಾಡಿ ನೋಡೋಣ. ಅಂದು ಸಿದ್ಧವಾಗುವ ಚೀಟಿಗಳು ನಮ್ಮ ಸಹಯೋಗಿ ಶಾಲೆಗಳ ಮುಖ್ಯ ಶಿಕ್ಷಕರಿಗೆ ಕಳುಹಿಸುವ ಪತ್ರಗಳ ಮೇಲೆ ಅಂಟಲಿ. ಹೇಗಿದ್ದರೂ ಆ ಪತ್ರಗಳನ್ನು ಕಳುಹಿಸಲೇಬೇಕು.